ತಾಂಬೂಲಕ್ಕೂ ಮೊದಲು ಮಕ್ಕಳ ಚೀಲ

ಹಸಿರು ಮಾರ್ಗದ ಮೆಟ್ರೋ ಸಂಪಿಗೆ ರಸ್ತೆ ದಾಟಿ ನೆಲದೊಳಕ್ಕೆ ಇಳಿಯುತ್ತಿದೆ. ರಾಜಾಜಿನಗರದಲ್ಲಿ ಹತ್ತಿದವರಿಗೆ ಐದನೇ ನಿಲ್ದಾಣವೇ ಚಿಕ್ಕಪೇಟೆ. ನಿಮ್ಮೆದುರು ಕೂತಿರುವುದು ಬಸವೇಶ್ವರನಗರದ ಒಂದು ಸಂಸಾರ: ಮದುಮಗಳ ದೊಡ್ಡಪ್ಪ, ದೊಡ್ಡಮ್ಮ, ಅವರ ಜೊತೆ ಐದನೇ ಕ್ಲಾಸಿನ ಹುಡುಗಿಯೊಬ್ಬಳು. ಸೀರೆ ಆಯಿತು, ಒಡವೆ ಆಯಿತು, ತಾಂಬೂಲದ ಚೀಲಕ್ಕೆ ಹೇಳಿಯೂ ಆಯಿತು. ದೊಡ್ಡಮ್ಮನ ಕೈಲಿರುವ ಪಟ್ಟಿಯಲ್ಲಿ ಇನ್ನೂ ಗೀಟು ಬೀಳದ ಸಾಲು ಒಂದೇ: ‘ಮಕ್ಕಳು – 42’.

“ಚಾಕೊಲೇಟ್ ಡಬ್ಬ ಕೊಟ್ಬಿಟ್ರೆ ಆಯ್ತಪ್ಪ” ಅನ್ನುತ್ತಾರೆ ದೊಡ್ಡಪ್ಪ.

“ಮೇ ತಿಂಗಳ ಮದುವೆ ರೀ. ಛತ್ರದಲ್ಲೇ ಕರಗಿ, ರೇಷ್ಮೆ ಲಂಗಕ್ಕೆಲ್ಲ ಮೆತ್ಕೊಳತ್ತೆ.”

ನಿಲ್ದಾಣದಿಂದ ಮೇಲೆ ಬಂದ ಕೂಡಲೇ ಪೇಟೆಯ ಗದ್ದಲ. ತಳ್ಳುಗಾಡಿ, ತಲೆ ಮೇಲೆ ಬಂಡಲು ಹೊತ್ತ ಹಮಾಲಿ, ಹಾರ್ನ್ ಬಿಡದ ಸ್ಕೂಟರು, ಎಲ್ಲವೂ ಒಂದೇ ಗಲ್ಲಿಯಲ್ಲಿ. ಅವರ ಹಿಂದೆಯೇ ಮಾಮೂಲ್‌ಪೇಟೆಯ ಕಡೆ ನಡೆಯಿರಿ. ಇಲ್ಲಿ ವ್ಯಾಪಾರ ಡಜನ್ ಲೆಕ್ಕದಲ್ಲಿ. ಬಿಡಿಯಾಗಿ ಒಂದು ಕೇಳಿದರೆ ಅಂಗಡಿಯವರು ತಲೆ ಎತ್ತಿಯೂ ನೋಡುವುದಿಲ್ಲ, ನಾಲ್ಕು ಡಜನ್ ಅಂದರೆ ಸ್ಟೂಲು ಎಳೆದು ಕೂರಿಸುತ್ತಾರೆ.

“ಮದುವೆಗಾ ಮೇಡಂ? ರಿಟರ್ನ್ ಗಿಫ್ಟಾ? ಬಜೆಟ್ ಹೇಳಿ, ಅದಕ್ಕೆ ತಕ್ಕ ಹಾಗೆ ತೋರಿಸ್ತೀನಿ.”

“ತಲೆಗೆ ನೂರೈವತ್ತು. ಅದರ ಮೇಲೆ ಹೋಗಲ್ಲ.”

ಗಾಜಿನ ಮೇಜಿನ ಮೇಲೆ ಸರಕು ಸುರಿಯುತ್ತದೆ. ಪೀಪಿ, ಸೋಪಿನ ಗುಳ್ಳೆ ಊದುವ ಬಾಟಲಿ, ಸ್ಲೈಮ್ ಡಬ್ಬಿ, ಬೆಳಕು ಬಿಡುವ ಉಂಗುರ, ಸ್ಕೆಚ್ ಪೆನ್ನು, ಕಾರು ಆಕಾರದ ರಬ್ಬರು. ದೊಡ್ಡಮ್ಮ ಒಂದೊಂದನ್ನೇ ಎತ್ತಿ, ಛತ್ರದಲ್ಲಿ ಅದರ ಗತಿ ಏನು ಅಂತ ಮನಸ್ಸಲ್ಲೇ ಓಡಿಸಿ ನೋಡುತ್ತಾರೆ. ಪೀಪಿ ಬೇಡ, ನಲವತ್ತು ಪೀಪಿ ಸೇರಿದರೆ ವಾಲಗದವರು ಎದ್ದು ಹೋಗುತ್ತಾರೆ. ಗುಳ್ಳೆ ನೀರು ಗ್ರಾನೈಟ್ ನೆಲದ ಮೇಲೆ ಚೆಲ್ಲಿದರೆ ಮೊದಲು ಜಾರುವವರು ಅಜ್ಜಿಯರು. ಸ್ಲೈಮ್ ಪಟ್ಟೆಗೆ ಅಂಟಿದರೆ ಬಿಡುವುದಿಲ್ಲ, ಸ್ಕೆಚ್ ಪೆನ್ನಿನ ಮಸಿಯೂ ಅಷ್ಟೇ. ಮೇಣದ ಬಣ್ಣದ ಕಡ್ಡಿಯ ಪೆಟ್ಟಿಗೆ ಮಾತ್ರ ಪಕ್ಕಕ್ಕೆ ಸರಿಯುತ್ತದೆ. ಅದು ಪಾಸು.

ಈಗ ದೊಡ್ಡಪ್ಪನ ಸರದಿ. ಜೇಬಿನಿಂದ ಹತ್ತು ರೂಪಾಯಿ ನಾಣ್ಯ ತೆಗೆದು ಮೇಜಿನ ಮೇಲಿಡುತ್ತಾರೆ. ಅದರ ಅಗಲ 27 ಮಿಲಿಮೀಟರ್. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಯಲ್ಲಿ ಕಳಚಿ ಬರುವ ಚೂರು 31.7 ಮಿಲಿಮೀಟರ್ ಅಗಲದ ಒಂದು ಗಿಡ್ಡ ಕೊಳವೆಯೊಳಗೆ ಪೂರ್ತಿ ಕೂರಬಾರದು ಎಂಬುದು ಪರೀಕ್ಷಾಲಯಗಳ ಅಳತೆ. ಕೂತರೆ ಅದು ಮಗುವಿನ ಗಂಟಲಲ್ಲೂ ಕೂರಬಹುದು. ಕೊಳವೆ ಹೊತ್ತು ಪೇಟೆಗೆ ಬರುವವರು ಯಾರು? ನಾಣ್ಯ ಸಾಕು. ನಾಣ್ಯಕ್ಕಿಂತ ಸ್ವಲ್ಪ ದೊಡ್ಡದಾದರೂ ಚಿಕ್ಕ ಕೂಸಿಗೆ ಕೊಡುವಂತಿಲ್ಲ ಎಂದು ಅವರ ಲೆಕ್ಕ. ಗೋಲಿ ಹೋಯಿತು, ಮಣಿ ಸರ ಹೋಯಿತು, ರಬ್ಬರಿನ ಕಾರಿನ ಚಕ್ರವೂ ಹೋಯಿತು.

ಬೆಳಕಿನ ಉಂಗುರವನ್ನು ಅವರು ಮಗುಚಿ ನೋಡುತ್ತಾರೆ. ಉಗುರಿನಿಂದ ಒತ್ತಿದ ಕೂಡಲೇ ಹಿಂಬದಿಯ ಮುಚ್ಚಳ ಟಪ್ ಅಂತ ಬಿಚ್ಚಿ, ಗುಂಡಿಯಷ್ಟೇ ಇರುವ ಬ್ಯಾಟರಿ ಅಂಗೈಗೆ ಉರುಳುತ್ತದೆ. ಇದನ್ನು ಮಗು ನುಂಗಿ, ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಒಂದೆರಡು ಗಂಟೆಯೊಳಗೇ ಒಳಗೋಡೆ ಸುಡತೊಡಗುತ್ತದೆ. ಬ್ಯಾಟರಿಯ ಮನೆಗೆ ಸ್ಕ್ರೂ ಇರಲೇಬೇಕು.

“ಐಎಸ್‌ಐ ಗುರುತು ಇರೋದು ತೋರ್ಸಿ.”

“ಇದೆ ಸರ್, ರೇಟು ಸ್ವಲ್ಪ ಜಾಸ್ತಿ.”

2021ರ ಜನವರಿ 1ರಿಂದ, ಹದಿನಾಲ್ಕು ವರ್ಷದೊಳಗಿನವರು ಆಡುವ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಪೊಟ್ಟಣದ ಮೇಲೆ ಗುರುತೂ ಇಲ್ಲದೆ, ತಯಾರಿಸಿದವರ ಹೆಸರೂ ಇಲ್ಲದೆ ಇದ್ದರೆ ಕೆಳಗಿಡಬೇಕಾದ್ದೇ. ಬಲೂನಿನ ಗೊಂಚಲನ್ನೂ ಕೆಳಗಿಡಿಸುತ್ತಾರೆ ದೊಡ್ಡಪ್ಪ. ಬಲೂನಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕಡ್ಡಿಯನ್ನು 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿಸಲಾಗಿದೆ. ಸಿಹಿ ಡಬ್ಬಕ್ಕೂ ಲಗ್ನಪತ್ರಿಕೆಗೂ ಸುತ್ತುವ ತೆಳು ಪ್ಲಾಸ್ಟಿಕ್ ಹಾಳೆಯೂ ಅದೇ ಪಟ್ಟಿಯಲ್ಲಿದೆ. ಒಡೆದ ಬಲೂನಿನ ಚೂರಂತೂ ಪುಟ್ಟ ಮಕ್ಕಳ ಉಸಿರಿಗೆ ನೇರ ಅಪಾಯ.

ಹುಡುಗಿ ಇಷ್ಟು ಹೊತ್ತೂ ಸುಮ್ಮನಿದ್ದವಳು ಈಗ ಬಾಯಿ ಬಿಡುತ್ತಾಳೆ. “ದೊಡ್ಡಮ್ಮ, ಇದೆಲ್ಲ ಒಬ್ಬೊಬ್ಬರೇ ಆಡೋದು. ನಾವೆಲ್ಲ ಸೇರೋದೇ ಮದುವೇಲಿ ಅಲ್ವಾ?”

ಅಂಗಡಿಯವರು ನಗುತ್ತಾರೆ. ದೊಡ್ಡಮ್ಮ ನಗುವುದಿಲ್ಲ, ಪಟ್ಟಿಯ ಹಿಂಬದಿಯಲ್ಲಿ ಏನನ್ನೋ ಗೀಚಿಕೊಳ್ಳುತ್ತಾರೆ.

ಅಲ್ಲಿಂದ ಅವೆನ್ಯೂ ರಸ್ತೆ. ಫುಟ್‌ಪಾತಿನುದ್ದಕ್ಕೂ ಹಳೇ ಪಠ್ಯಪುಸ್ತಕದ ಗುಡ್ಡೆ, ಒಳಗಡೆ ನೋಟ್‌ಬುಕ್ಕಿನ ಹೋಲ್‌ಸೇಲ್ ಮಳಿಗೆಗಳು. ಗೀಟಿಲ್ಲದ ಬಿಳಿ ಹಾಳೆಯ ಪುಟ್ಟ ಪುಸ್ತಕ ಸಿಗುತ್ತದೆ, ಬಣ್ಣದ ಕಡ್ಡಿಗೆ ಜೋಡಿ. ಕಥೆ ಪುಸ್ತಕ ಕೊಡೋಣವೇ ಅಂದರೆ ಅಲ್ಲೊಂದು ತೊಡಕು. ಪಟ್ಟಿಯಲ್ಲಿರುವ ಮಕ್ಕಳಲ್ಲಿ ಅರ್ಧ ಜನಕ್ಕೆ ಕನ್ನಡ ಮಾತು ಬರುತ್ತದೆ, ಓದು ಬರುವುದಿಲ್ಲ. ಪುಣೆಯಿಂದ ಬರುವ ಇಬ್ಬರಿಗೆ ಮಾತೂ ಅಷ್ಟಕ್ಕಷ್ಟೇ. ಕೊನೆಗೆ ಚಿತ್ರವೇ ಹೆಚ್ಚಿರುವ, ಪುಟಕ್ಕೆ ಒಂದೆರಡು ಸಾಲಿರುವ ಕನ್ನಡ ಪುಸ್ತಕ ಆರಿಸುತ್ತಾರೆ. ಓದಲು ಬಾರದ ಮಗುವಿಗೆ ಪಕ್ಕದಲ್ಲಿ ಕೂತ ಅಜ್ಜಿ ಓದಿ ಹೇಳಬಹುದು.

ಇನ್ನು ತೀರಾ ಚಿಕ್ಕವರು. ಅವರಿಗೆ ಬೇಕಾದ್ದು ಚಿಕ್ಕಪೇಟೆಯಲ್ಲಿ ಮನಸ್ಸಿಗೆ ಹಿಡಿಸಲಿಲ್ಲ, ಹಾಗಾಗಿ ಭಾನುವಾರ ಕೆಂಗೇರಿಯಲ್ಲಿ ಮೈಸೂರು ಕಡೆಯ ರೈಲು. ಹೆಜ್ಜಾಲ, ಬಿಡದಿ, ಕೇತೋಹಳ್ಳಿ, ರಾಮನಗರ, ಆಮೇಲೆ ಚನ್ನಪಟ್ಟಣ. ಬೆಂಗಳೂರಿಂದ ಅಂದಾಜು 60 ಕಿಲೋಮೀಟರು. ರಸ್ತೆಬದಿಯ ಅಂಗಡಿಯಲ್ಲಿ ಚೌಕಾಸಿ ಮುಗಿಸುವ ಮೊದಲು ಒಳಗಲ್ಲಿಯ ಒಂದು ಮರದ ಆಟಿಕೆಯ ಕಾರ್ಖಾನೆಗೆ ಇಣುಕಿ ನೋಡಿ.

ತಿರುಗಣಿಗೆ ಸಿಕ್ಕಿಸಿರುವುದು ಆಲೆ ಮರದ ತುಂಡು. ಬೆಳ್ಳಗೆ, ಮೆತ್ತಗಿನ ಜಾತಿಯ ಮರ. ಕುಶಲಕರ್ಮಿ ಉಳಿ ತಾಗಿಸಿದ ಕಡೆ ಹೊಟ್ಟು ಸುರುಳಿ ಸುರುಳಿಯಾಗಿ ಹಾರಿ, ಗಿಲಕಿಯ ಹೊಟ್ಟೆ ದುಂಡಗಾಗುತ್ತದೆ. ಬಳಿಕ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಸುತ್ತುತ್ತಿರುವ ಮರಕ್ಕೆ ಒತ್ತುತ್ತಾರೆ. ಬೆಂಕಿಯಿಲ್ಲ, ಕುಂಚವಿಲ್ಲ. ತಿಕ್ಕಾಟದ ಶಾಖಕ್ಕೇ ಅರಗು ಕರಗಿ ಹಳದಿ ಪಟ್ಟೆ ಮೈತುಂಬ ಹರಡುತ್ತದೆ. ಕೊನೆಗೆ ತಾಳೆಗರಿ ಒತ್ತಿ ಹಿಡಿದರೆ ಹೊಳಪು. ಮುಟ್ಟಿ ನೋಡಿ, ಇನ್ನೂ ಬೆಚ್ಚಗಿದೆ, ಅಂಚೆಲ್ಲೂ ಚುಚ್ಚುವುದಿಲ್ಲ.

ಈ ಕಸುಬಿಗೆ 2005–06ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ಅಂಥ ಮಾನ್ಯತೆಯ ಅಧಿಕೃತ ಬಳಕೆದಾರರು ಮಾಡಿದ ಆಟಿಕೆಗೂ ನೋಂದಾಯಿತ ಕರಕುಶಲಕರ್ಮಿಗಳ ಆಟಿಕೆಗೂ ಐಎಸ್‌ಐ ನಿಯಮದಿಂದ ವಿನಾಯಿತಿ ಇದೆ. ಹಾಗಂತ ರಸ್ತೆಬದಿಯಲ್ಲಿ ಹೊಳೆಯುವುದೆಲ್ಲ ಅರಗಿನದ್ದೇ ಅಂತಲ್ಲ. “ಅರಗಿಂದಾ, ಪೇಂಟಿಂದಾ?” ಅಂತ ಕೇಳಿಯೇ ಕೊಳ್ಳಬೇಕು. ಕೂಸುಗಳು ಮೊದಲು ಮಾಡುವ ಕೆಲಸ ಬಾಯಿಗಿಟ್ಟುಕೊಳ್ಳುವುದು. ದೊಡ್ಡಪ್ಪ ಗಿಲಕಿಯ ಹಿಡಿ ಎಳೆದು, ತಿರುಚಿ, ನಾಣ್ಯದ ಪಕ್ಕ ಹಿಡಿದು ಒಂಬತ್ತು ಕಟ್ಟಿಸುತ್ತಾರೆ. ಮೂರರಿಂದ ಏಳು ವರ್ಷದವರಿಗೆ ಬುಗುರಿಯೂ ಅಲ್ಲೇ ಸಿಗುತ್ತದೆ, ದಾರ ಬೇಡದ, ಬೆರಳಲ್ಲೇ ತಿರುಗಿಸುವ ಬುಗುರಿ.

ಏಳು ದಾಟಿದವರಿಗೆ ಏನು? ಪಟ್ಟಿಯ ಹಿಂಬದಿಯ ಗೀಚು ಈಗ ಬಟ್ಟೆಯ ಮೇಲೆ ಬಂದಿದೆ. ಬಸವೇಶ್ವರನಗರದ ಮನೆಯ ಹಾಲ್‌ನಲ್ಲಿ ಚಾಪೆ ಹಾಸಿ ಕೂರಿ. ಎದುರಿಗಿರುವುದು ಲಾಡಿ ಎಳೆದರೆ ಬಾಯಿ ಮುಚ್ಚುವ ಹತ್ತಿಬಟ್ಟೆಯ ಚೀಲಗಳ ರಾಶಿ. ಕಮಲಾನಗರದ ದರ್ಜಿ ಹೊಲಿದದ್ದು, ಒಂದು ಮಗ್ಗುಲಿಗೆ ರಾಜಾಜಿನಗರದ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಯಲ್ಲಿ ಮನೆಗಳನ್ನು ಅಚ್ಚು ಹಾಕಿಸಿದ್ದು. ಐದು ಸಾಲು, ಐದು ಕಂಬ, ನಾಲ್ಕು ಅಂಚಿನ ನಡುವೆಯೂ ನಟ್ಟನಡುವೆಯೂ ಕಟ್ಟೆಯ ಗುರುತು. ಚೀಲವನ್ನು ನೆಲಕ್ಕೆ ಹರಡಿದರೆ ಚೌಕಾಬಾರದ ಮಣೆ ಸಿದ್ಧ. ಒಳಗೆ ನಾಲ್ಕು ಕವಡೆ, ವಿಜಯನಗರದ ಗ್ರಂಧಿಗೆ ಅಂಗಡಿಯಿಂದ ತಂದದ್ದು.

“ಕವಡೆ ಪುಟ್ಟ ಮಕ್ಕಳ ಚೀಲಕ್ಕೆ ಬೀಳ್ದೇ ಇರ್ಲಿ” ಎಂದು ಮನೆಯ ಅಜ್ಜಿ ಪದೇ ಪದೇ ಎಚ್ಚರಿಸುತ್ತಾರೆ. ಅದಕ್ಕೇ ಲಾಡಿಗೆ ಮೂರು ಬಣ್ಣ. ಗಿಲಕಿಯ ಚೀಲಕ್ಕೆ ಕೆಂಪು, ಬುಗುರಿ ಮತ್ತು ಬಣ್ಣದ ಕಡ್ಡಿಯದಕ್ಕೆ ಹಳದಿ, ಕವಡೆ ಮತ್ತು ಕಥೆ ಪುಸ್ತಕದ್ದಕ್ಕೆ ಹಸಿರು. ಗಂಡು ಹುಡುಗರಿಗೊಂದು, ಹೆಣ್ಣು ಮಕ್ಕಳಿಗೊಂದು ಅಂತ ಬೇರೆ ಮಾಡಿಲ್ಲ. ಕಟ್ಟಿದ್ದು ಐವತ್ತು. ಪಕ್ಕದ ಮನೆಯವರು ಮೊಮ್ಮಗನನ್ನು ಕರೆತರುತ್ತಾರೆ, ಅಡುಗೆಯವರ ಜೊತೆ ಒಂದು ಮಗು ಬಂದಿರುತ್ತದೆ. ಕೊಡುವಾಗ ಒಬ್ಬರಿಗೆ ತಪ್ಪಿದರೂ ಮನಸ್ಸಿಗೆ ಕಷ್ಟ.

ಮದುವೆಯ ಬೆಳಿಗ್ಗೆ. ವಿಜಯನಗರದ ಛತ್ರ. ಊಟದ ಹಾಲ್‌ನಲ್ಲಿ ಇಡ್ಲಿ, ಖಾರಾಬಾತ್, ಕೇಸರಿಬಾತ್ ಬಡಿಸುತ್ತಿದ್ದಾರೆ. ಮುಹೂರ್ತಕ್ಕೆ ಇನ್ನೂ ಎರಡು ಗಂಟೆ. ದೊಡ್ಡವರಿಗೆ ಕಾಫಿ, ಮಾತು, ಸೀರೆ ನೋಡುವುದು, ಎಷ್ಟೋ ಕೆಲಸ. ಐದಕ್ಕೇ ಎದ್ದು ಜಡೆ ಹೆಣೆಸಿಕೊಂಡು ಬಂದ ಮಕ್ಕಳಿಗೆ ಏನೂ ಇಲ್ಲ. ಈ ಹೊತ್ತಲ್ಲೇ ಅಪ್ಪನ ಫೋನು ಕೈಗೆ ಬರುತ್ತದೆ, ಕುರ್ಚಿಗಳು ರೈಲಾಗುತ್ತವೆ, ಮಂಟಪದ ಹೂವಿಗೆ ಕೈ ಹೋಗುತ್ತದೆ.

ತಾಂಬೂಲದ ಜೊತೆ, ಹೊರಡುವಾಗ ಬಾಗಿಲಲ್ಲಿ ಕೊಡೋಣ ಎಂದವರು ಮನೆಯಲ್ಲಿ ಇಲ್ಲದಿರಲಿಲ್ಲ. ದೊಡ್ಡಮ್ಮ ಒಪ್ಪಿರಲಿಲ್ಲ. ಈಗ ತಿಂಡಿ ಹಾಲ್‌ನ ಬಾಗಿಲಲ್ಲಿ, ಕೈ ತೊಳೆದು ಬರುವ ಜಾಗದಲ್ಲಿ, ಬುಟ್ಟಿ ಇಟ್ಟುಕೊಂಡು ನಿಂತಿರುವವಳು ಅದೇ ಹುಡುಗಿ. “ನಿಂಗೆಷ್ಟು ವರ್ಷ?” ಎಂದು ಕೇಳಿ ಲಾಡಿಯ ಬಣ್ಣ ನೋಡಿ ಕೊಡುತ್ತಾಳೆ. ದೊಡ್ಡವರ ಕೈಗೆ ಕೊಡುವುದಿಲ್ಲ, ಮಗುವಿನ ಕೈಗೇ. ಕೂಸಾದರೆ ಮಾತ್ರ ಅಮ್ಮನಿಗೆ.

ಹತ್ತು ನಿಮಿಷ ಬಿಟ್ಟು ಮಂಟಪದ ಎಡಮೂಲೆಗೆ ಬನ್ನಿ. ಜಮಖಾನದ ಮೇಲೆ ಚೀಲ ಹರಡಿದೆ. ಕಾಯಿ ಇಲ್ಲವಲ್ಲ ಎಂಬ ಚಿಂತೆ ಯಾರಿಗೂ ಬಂದಿಲ್ಲ: ಒಬ್ಬನಿಗೆ ಅಡಿಕೆ, ಒಬ್ಬಳಿಗೆ ಮಲ್ಲಿಗೆ ಮೊಗ್ಗು, ಇನ್ನೊಬ್ಬನಿಗೆ ಕಲ್ಲುಸಕ್ಕರೆ, ಪುಣೆಯ ಹುಡುಗನಿಗೆ ಗುಲಾಬಿ ಎಸಳು. ನಾಲ್ಕೂ ಕವಡೆ ಅಂಗಾತ ಬಿದ್ದರೆ ಚೌಕ, ನಾಲ್ಕೂ ಕವುಚಿ ಬಿದ್ದರೆ ಬಾರ ಅಂದರೆ ಎಂಟು, ಎರಡಕ್ಕೂ ಇನ್ನೊಂದು ಆಟ ಉಂಟು. ಎದುರಾಳಿಯ ಕಾಯಿ ಕಡಿಯದೆ ಒಳಮನೆಗೆ ಹೋಗುವಂತಿಲ್ಲ ಅಂತ ಕೆಂಗೇರಿಯಿಂದ ಬಂದ ಹುಡುಗಿಯೊಬ್ಬಳು ಕಾನೂನು ಹೇಳುತ್ತಿದ್ದಾಳೆ. ಹಿಂದಿನ ಕುರ್ಚಿಯ ತಾತನೊಬ್ಬರು ಬಗ್ಗಿ, “ಲೋ, ಅದು ಕಟ್ಟೇಲಿದೆ ಕಣೋ, ಕಡಿಯೋ ಹಾಗಿಲ್ಲ” ಎಂದು ಪಂಚಾಯಿತಿಗೆ ಇಳಿದಿದ್ದಾರೆ. ಕಲ್ಲುಸಕ್ಕರೆಯ ಕಾಯಿ ಸೋಲುವ ಮೊದಲೇ ಬಾಯಿಗೆ ಹೋಗಿದೆ.

ಗಟ್ಟಿಮೇಳ ಮೊಳಗಿದಾಗ ಆಟ ನಿಲ್ಲುತ್ತದೆ, ಅಕ್ಷತೆ ಹಾಕಿ ಬಂದು ಮತ್ತೆ ಶುರುವಾಗುತ್ತದೆ. ಎರಡು ಬುಗುರಿ ಕಳೆದಿವೆ. ಒಂದು ಕಥೆ ಪುಸ್ತಕ ಪಾಯಸದಲ್ಲಿ ನೆನೆದಿದೆ. ಇಷ್ಟು ನಷ್ಟ ಎಲ್ಲ ಮದುವೆಯಲ್ಲೂ ಇದ್ದದ್ದೇ.

ನಿಮ್ಮ ಮನೆಯಲ್ಲೂ ಮದುವೆ ಗೊತ್ತಾಗಿದ್ದರೆ ಅಗ್ಗದ ಐದು ಸಾಮಾನು ತುಂಬುವ ಬದಲು ಗಟ್ಟಿಯಾದ ಒಂದೆರಡು ಕೊಡಿ. ವಯಸ್ಸು ನೋಡಿ ಚೀಲ ಬೇರೆ ಮಾಡಿ, ಮೂರು ವರ್ಷದೊಳಗಿನವರ ಚೀಲವನ್ನು ಎರಡು ಸಲ ತೆರೆದು ನೋಡಿ. ನಾಲ್ಕು ಮಕ್ಕಳು ಒಟ್ಟಿಗೆ ಕೂತು ಆಡುವಂಥದ್ದು ಒಂದಾದರೂ ಇರಲಿ. ಕೊಡುವುದನ್ನು ಬೆಳಗಿನ ತಿಂಡಿಯ ಹೊತ್ತಿಗೇ ಕೊಟ್ಟುಬಿಡಿ.