ಪಾಕದ ಹದ

ಪುಷ್ಯಮಾಸದ ಚಳಿ ಹಿರಿಯೂರಿನಲ್ಲಿ ಬಹಳ ದಿನ ನಿಲ್ಲುವುದಿಲ್ಲ. ವರ್ಷದ ಬಹುಪಾಲನ್ನು ಬಿಸಿಲಿನಲ್ಲಿಯೇ ಕಳೆಯುವ ಆ ಸೀಮೆಗೆ ಅದೊಂದು ನೆಂಟರ ಬರವು. ಆದರೆ ಅದು ಇದ್ದಷ್ಟು ದಿನ, ಸಂಜೆಯ ಹೊತ್ತು ಯಾವ ಬೀದಿಯಲ್ಲಿ ನಡೆದರೂ ಹುರಿದ ಕಡಲೆಕಾಯಿಯ ಕಂಪು ಎದುರುಗೊಳ್ಳುವುದು. ಜನವರಿ 14 ಅಥವಾ 15ಕ್ಕೆ ಸಂಕ್ರಾಂತಿ. ಅದಕ್ಕೆ ಹದಿನೈದು ದಿನ ಮುಂಚಿನಿಂದಲೇ ಗೃಹಿಣಿಯರು ಕೊಬ್ಬರಿ ಹೆಚ್ಚಿ, ಬೆಲ್ಲ ಹೆಚ್ಚಿ, ಬಿಸಿಲಿಗೆ ಹರವಿ, ಕಾಗೆ ಬಾರದಂತೆ ಮಕ್ಕಳನ್ನು ಕಾವಲಿಡುವರು. ಕಾವಲಿಗಿಟ್ಟವರೇ ಕಾಗೆಗಳಿಗಿಂತ ಹೆಚ್ಚು ತಿನ್ನುವರೆಂಬುದು ಎಲ್ಲ ತಾಯಂದಿರಿಗೂ ತಿಳಿದ ವಿಷಯ.

ಎಳ್ಳು-ಬೆಲ್ಲವೆಂದು ಎರಡರ ಹೆಸರು ಹೊತ್ತಿದ್ದರೂ ತಟ್ಟೆಯಲ್ಲಿರುವುದು ಐದು ವಸ್ತು. ಹಿರಿಯೂರಿನ ಒಂದು ಮನೆಯಲ್ಲಿ ಅವು ಕೂಡುವ ಬಗೆಯನ್ನು ನೋಡಿದರೆ ಜಿಲ್ಲೆಯ ಭೂಪಟವನ್ನೇ ಓದಿದಂತಾಗುವುದು. ಕೊಬ್ಬರಿ ಅಜ್ಜಿಯ ತವರಾದ ಹೊಸದುರ್ಗದ ಕಡೆಯ ತೋಟದ್ದು. ತಟ್ಟೆಯ ಜೊತೆಗಿಡುವ ಅಡಕೆ ಸೊಸೆಯ ತವರಾದ ಹೊಳಲ್ಕೆರೆಯದು. ಎಳ್ಳು, ಹುರಿಗಡಲೆಗಳು ಪೇಟೆಯವು. ಬೆಲ್ಲ ಮಂಡ್ಯದ ಕಡೆಯಿಂದ ಬಂದದ್ದು. ಕಡಲೆಕಾಯಿ ಮಾತ್ರ ಮನೆಯದೇ. ಮುಂಗಾರಿನಲ್ಲಿ ಬಿತ್ತಿ, ದೀಪಾವಳಿಯ ಆಸುಪಾಸಿನಲ್ಲಿ ಕಿತ್ತು, ಅಂಗಳದಲ್ಲಿ ಒಣಗಿಸಿದ ಕಾಯಿ. ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರದ ನೀರು ಹಾಯುವ ನೆಲ ಈ ತಾಲ್ಲೂಕಿನಲ್ಲಿ ಉಂಟು, ದಿಟ. ಆದರೆ ಹಾಯದ ನೆಲವೇ ಹೆಚ್ಚು. ಆ ಸಾಗರವಾದರೂ 1933ರಲ್ಲಿ ಕೋಡಿ ಬಿದ್ದದ್ದು ಮತ್ತೆ ಕೋಡಿ ಬಿದ್ದುದು 2022ರಲ್ಲಿ. ಇಂತಹ ಸೀಮೆಯವರು ಕಡಲೆಕಾಯಿಯಲ್ಲದೆ ಮತ್ತೇನನ್ನು ನೆಚ್ಚಿಯಾರು?

ಎಳ್ಳು ಕೂಡಿಸುವುದರಲ್ಲಿ ಕೈಚಳಕವೇನೂ ಇಲ್ಲ, ತಾಳ್ಮೆಯಿದ್ದರೆ ಸಾಕು. ಪರೀಕ್ಷೆ ಇರುವುದು ಕಡಲೆಕಾಯಿಯ ಪಾಕದಲ್ಲಿ, ಅದಕ್ಕಿಂತ ಹೆಚ್ಚಾಗಿ ಸಕ್ಕರೆ ಅಚ್ಚಿನಲ್ಲಿ. ಮರದ ಅಚ್ಚುಗಳನ್ನು ನೀರಿನಲ್ಲಿ ನೆನೆಯಿಟ್ಟು, ಜೋಡಿಯ ಎರಡು ಹೋಳನ್ನೂ ದಾರದಿಂದ ಬಿಗಿದು ಸಾಲಾಗಿ ನಿಲ್ಲಿಸಬೇಕು. ಸಕ್ಕರೆ ಕುದಿಯುವಾಗ ಒಂದಿಷ್ಟು ಹಾಲು ಹಾಕಿ, ಮೇಲೆ ಬಂದ ಕೊಳೆಯನ್ನು ತೆಗೆದು, ಬಟ್ಟೆಯಲ್ಲಿ ಸೋಸಬೇಕು. ಅನಂತರ ಸೋಸಿದ್ದನ್ನು ಸ್ವಲ್ಪಸ್ವಲ್ಪವೇ ಸಣ್ಣ ಪಾತ್ರೆಗೆ ತೆಗೆದುಕೊಂಡು ಕಾಯಿಸಿ ತಿರುವುತ್ತಿದ್ದರೆ ತಿಳಿಯಾದ ಪಾಕ ಅಂಚಿನಲ್ಲಿ ತುಸು ಹಾಲುಬಣ್ಣಕ್ಕೆ ತಿರುಗುವುದು. ಆ ಗಳಿಗೆಯಲ್ಲಿಯೇ ಹೊಯ್ಯಬೇಕು. ಮುಂಚೆ ಹೊಯ್ದರೆ ಅಚ್ಚು ಕಟ್ಟದೆ ಅಂಟಾಗಿ ಉಳಿಯುವುದು; ತಡವಾದರೆ ಪಾತ್ರೆಯಲ್ಲಿಯೇ ಸಕ್ಕರೆಯಾಗಿ ಕೂರುವುದು. ನಡುವೆ ಇರುವ ಅವಕಾಶ ಹತ್ತು ಎಣಿಸುವಷ್ಟು ಕೂಡ ಇರದು.

ಈ ಗಳಿಗೆಯನ್ನು ಹಿಡಿಯುವುದರಲ್ಲಿ ಆ ಮನೆಯ ಅಜ್ಜಿಗೆ ಬೀದಿಯಲ್ಲೆಲ್ಲ ಹೆಸರಿತ್ತು. ಮದುವೆಯಾಗಿ ಬಂದಾಗ ತಂದ ತೇಗದ ಅಚ್ಚುಗಳು ಹನ್ನೊಂದು ಜೋಡಿ: ಆನೆ, ಕುದುರೆ, ಮೀನು, ತುಲಸಿಕಟ್ಟೆ, ಗೋಪುರ, ಇನ್ನೂ ಏನೇನೋ. ಆದರೆ ಕೆಲವು ವರ್ಷಗಳಿಂದ ಅವರ ದೃಷ್ಟಿ ಕುಂದುತ್ತ ಬಂದಿತ್ತು. ಪೊರೆಯಾಗಿದ್ದರೆ ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದಾಗಿತ್ತು. ಇದು ಕಣ್ಣಿನ ಒಳಗಿನ ಒತ್ತಡದಿಂದ ನರ ಸವೆಯುವ ಬೇನೆ. ಇದರಲ್ಲಿ ಉಳಿದದ್ದನ್ನು ಔಷಧದಿಂದ ಕಾಪಾಡಿಕೊಳ್ಳಬಹುದೇ ಹೊರತು ಹೋದದ್ದು ಮರಳಿ ಬರುವುದಿಲ್ಲ. ಹಿಂದಿನ ವರ್ಷದ ಸಂಕ್ರಾಂತಿಯಲ್ಲಿ ಮೂರು ಸಲ ಪಾಕ ಕೆಟ್ಟಿತು. ಹಾಲುಬಣ್ಣ ಬಂದುದು ಅಜ್ಜಿಗೆ ಕಾಣಲಿಲ್ಲ. ಸೊಸೆ ಬಾಯಿಬಿಟ್ಟು ಏನನ್ನೂ ಹೇಳದೆ ಮಗನನ್ನು ಪೇಟೆಗೆ ಕಳುಹಿಸಿ ಅಚ್ಚು ಕೊಂಡು ತರಿಸಿದಳು. ಎಳ್ಳು ಬೀರಲು ಹೋದಾಗ ನೆರೆಮನೆಯಾಕೆ, "ಈ ಸಲದ ಅಚ್ಚು ಎಷ್ಟು ಬೆಳ್ಳಗಿದೆ!" ಎಂದು ಹೊಗಳಿದಳಂತೆ. ಆ ಹೊಗಳಿಕೆಯನ್ನು ಕೇಳಿದ ಮೇಲೆ ಅಜ್ಜಿ ಅಚ್ಚುಗಳನ್ನು ಬಟ್ಟೆಯಲ್ಲಿ ಕಟ್ಟಿ ಅಟ್ಟಕ್ಕೆ ಹಾಕಿಸಿದರು.

ಮಾರನೆಯ ವರ್ಷ ಬೆಂಗಳೂರಿನಲ್ಲಿ ಓದುತ್ತಿದ್ದ ಮೊಮ್ಮಗಳು ಹಬ್ಬಕ್ಕೆ ಬಂದಳು. ಚಿತ್ರದುರ್ಗದಲ್ಲಿದ್ದ ಸೋದರತ್ತೆಯ ಮನೆಗೆ ಹೋಗಿ, ಅಲ್ಲಿಯ ಪೇಟೆಯಿಂದ ಕರಗಿಸುವ ಚಾಕಲೇಟಿನ ದೊಡ್ಡ ಗಟ್ಟಿಯೊಂದನ್ನು ತಂದಿದ್ದಳು. ಕಡಲೆಕಾಯಿಯನ್ನು ಬೆಣ್ಣೆಯಂತೆ ಅರೆದು, ಉಂಡೆ ಕಟ್ಟಿ, ಚಾಕಲೇಟಿನಲ್ಲಿ ಅದ್ದುವುದು ಅವಳ ಎಣಿಕೆ. ಅಮೆರಿಕದ ಮನೆಗಳಲ್ಲಿ ಕ್ರಿಸ್‌ಮಸ್ಸಿಗೆ ಇದನ್ನು ಮಾಡುವರಂತೆ. ತಾಯಿಗೆ ಇದು ಹಿಡಿಸಲಿಲ್ಲ. "ಸಂಕ್ರಾಂತಿಯ ತಟ್ಟೆಯಲ್ಲಿ ಅದನ್ನಿಟ್ಟರೆ ನೋಡಿದವರು ಏನೆಂದಾರು?" ಎಂದಳು. ಅಜ್ಜಿ ಮಾತ್ರ ಗಟ್ಟಿಯನ್ನು ಕೈಗೆ ತೆಗೆದುಕೊಂಡು ಮೂಸಿ, "ಇದು ಯಾವ ಊರಿನ ಬೆಳೆ ಮಗು?" ಎಂದು ಕೇಳಿದರು.

ಕೇಳಬೇಕಾದ ಪ್ರಶ್ನೆಯೇ. ಕೋಕೋ ಗಿಡಕ್ಕೆ ನೆರಳು ಬೇಕು, ತೇವ ಬೇಕು. ದಕ್ಷಿಣ ಕನ್ನಡದಲ್ಲಿ ಅದನ್ನು ಅಡಕೆಯ ಮರಗಳ ನಡುವೆ ಬೆಳೆಯುವರು. ಅಡಕೆ ಬೆಳೆಗಾರರು 1973ರಲ್ಲಿ ಕಟ್ಟಿಕೊಂಡ ಕ್ಯಾಂಪ್ಕೊ ಎಂಬ ಸಹಕಾರ ಸಂಸ್ಥೆಯು 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟಿನ ಕಾರ್ಖಾನೆಯನ್ನು ತೆರೆಯಿತು. ಅಡಕೆಯ ತೋಟವೆಂದ ಕೂಡಲೆ ಹೊಳಲ್ಕೆರೆಯ ಮಗಳಾದ ಸೊಸೆಯ ಮುಖ ಸ್ವಲ್ಪ ಸಡಿಲಿತು. ಇನ್ನು ಪರದೇಶದ ವಸ್ತುವೆಂಬ ಆಕ್ಷೇಪ. ಕೋಕೋ ಮೂಲದಲ್ಲಿ ದಕ್ಷಿಣ ಅಮೆರಿಕದ ಕಾಡಿನದು, ನಿಜ. ಆದರೆ ಕಡಲೆಕಾಯಿಯೂ ಅದೇ ಖಂಡದ್ದಲ್ಲವೆ? 1492ರಲ್ಲಿ ಐರೋಪ್ಯರು ಆ ಕಡೆಯ ದಾರಿ ಹಿಡಿದ ಮೇಲೆ ಹಡಗೇರಿ ಬಂದ ಬೆಳೆ ಅದು. ದುರ್ಗದ ನಾಯಕರ ಪೈಕಿ ಮೊದಲಿನವರ ಸಂಕ್ರಾಂತಿಯ ತಟ್ಟೆಯಲ್ಲಿ ಕಡಲೆಕಾಯಿ ಇದ್ದೀತೆಂದು ನಂಬುವುದು ಕಷ್ಟ. ಮೊಮ್ಮಗಳು ಇದನ್ನು ಹೇಳಿದಾಗ ಅಜ್ಜಿ, "ಹಾಗಾದರೆ ಇವೆರಡೂ ಒಂದೇ ಊರಿನವು, ನಮ್ಮ ಮನೆಗೆ ಬಂದು ಸೇರಿದುವು" ಎಂದು ನಕ್ಕರು.

ಅರ್ಧ ಕಿಲೋ ಬೀಜವನ್ನು ಸಣ್ಣ ಉರಿಯಲ್ಲಿ ಹುರಿದು, ಸಿಪ್ಪೆ ಉಜ್ಜಿ, ಕೇರಿ, ಮಿಕ್ಸಿಗೆ ಹಾಕಿದರು. ಮೊದಲು ಪುಡಿಯಾಯಿತು; ಆಮೇಲೆ ಮುದ್ದೆಯಾಗಿ ಗೋಡೆಗೆ ಅಂಟಿತು; ಕೆರೆದು ಕೆರೆದು ಮತ್ತೆ ತಿರುಗಿಸಿದಾಗ ಎಣ್ಣೆ ಬಿಟ್ಟು ಗಂಜಿಯಂತೆ ಹರಿಯಿತು. ಬೀಜದ ತೂಕದಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಎಣ್ಣೆಯೇ ಇರುವುದರಿಂದ ಬೇರೆ ಎಣ್ಣೆ ಬೇಕಾಗದು. "ಚಟ್ನಿಪುಡಿ ಕುಟ್ಟುವಾಗ ಹೀಗಾದರೆ ನಮ್ಮ ಅತ್ತೆ ಕೆಟ್ಟಿತೆಂದು ಬಯ್ಯುತ್ತಿದ್ದರು. ಈಗ ಕೆಡಿಸುವುದನ್ನೇ ಕಲಿಸುತ್ತಾರೆ!" ಎಂದರು ಅಜ್ಜಿ. ಅದಕ್ಕೆ ಬೆಲ್ಲದ ಪುಡಿಯನ್ನೂ, ಕೈಗೆ ಅಂಟದಷ್ಟು ಹುರಿಗಡಲೆಯ ಹಿಟ್ಟನ್ನೂ, ಚಿಟಿಕೆ ಉಪ್ಪನ್ನೂ ಕಲಸಿ ನಿಂಬೆಯಷ್ಟು ಉಂಡೆಗಳನ್ನು ಕಟ್ಟಿ ಆರಿಸಿದರು.

ಚಾಕಲೇಟನ್ನು ನೇರವಾಗಿ ಉರಿಯ ಮೇಲಿಡಬಾರದು. ಬಿಸಿನೀರಿನ ಪಾತ್ರೆಯ ಮೇಲೆ ಇನ್ನೊಂದು ಪಾತ್ರೆಯನ್ನಿಟ್ಟು, ಹೋಳುಗಳನ್ನು ಅದರಲ್ಲಿ ಹಾಕಿ, ಮೆಲ್ಲಗೆ ಕರಗಿಸಬೇಕು. ಕರಗಿ ಹೊಳೆಯುತ್ತಿತ್ತು. ಮೊಮ್ಮಗಳು ಉಂಡೆಯ ತಟ್ಟೆ ತರಲು ಒಳಗೆ ಹೋದಳು. ಅಜ್ಜಿ ಅರುವತ್ತು ವರ್ಷದ ಅಭ್ಯಾಸದಂತೆ ಬಟ್ಟಲಿನ ನೀರಿನಲ್ಲಿ ಬೆರಳದ್ದಿ, ಹದ ನೋಡಲೆಂದು ಪಾತ್ರೆಗೆ ಮುಟ್ಟಿಸಿದರು. ಎರಡು ಮೂರು ತೊಟ್ಟು ನೀರು ಬಿದ್ದಿರಬಹುದು. ತಿರುವಿದಂತೆಲ್ಲ ಅಷ್ಟೂ ಚಾಕಲೇಟು ಮರಳಿನಂತೆ ಗಂಟುಕಟ್ಟಿ ಗಡುಸಾಯಿತು. ಬೆಲ್ಲದ ಪಾಕಕ್ಕೆ ನೀರೇ ನ್ಯಾಯಾಧಿಪತಿ. ಚಾಕಲೇಟಿಗಾದರೋ ನೀರೇ ಶತ್ರು. ಕೊಬ್ಬಿನಲ್ಲಿ ತೇಲಾಡುತ್ತಿರುವ ಸಕ್ಕರೆಯ ಕಣಗಳು ಒಂದೆರಡು ತೊಟ್ಟಿನಿಂದ ಒದ್ದೆಯಾದರೆ ಸಾಕು, ಒಂದನ್ನೊಂದು ಅಂಟಿಕೊಳ್ಳುವುವು. ಅಜ್ಜಿಗೆ ಆದುದೇನೆಂದು ಕಾಣದಿದ್ದರೂ ಸೌಟಿನ ಭಾರದಿಂದಲೇ ತಿಳಿಯಿತು. "ಇದನ್ನೂ ಕೆಡಿಸಿದೆ" ಎಂದು ಸೌಟನ್ನು ಕೆಳಗಿಟ್ಟರು. ಹಿಂದಿನ ವರ್ಷ ಆಡದೆ ಉಳಿದ ಮಾತೆಲ್ಲ ಆ ಒಂದು ಮಾತಿನಲ್ಲಿತ್ತು.

ಮೊಮ್ಮಗಳು ಏನನ್ನೂ ಹೇಳದೆ ಅದಕ್ಕೆ ಬಿಸಿ ಹಾಲು ಹೊಯ್ದು ಕದಡಿ ಮಕ್ಕಳಿಗೆ ಕುಡಿಯಲು ಕೊಟ್ಟಳು. ಅವರಿಗೆ ಇದಕ್ಕಿಂತ ಒಳ್ಳೆಯ ಅಪಘಾತ ಬೇಕಿರಲಿಲ್ಲ. ಆಮೇಲೆ ಉಳಿದ ಅರ್ಧ ಗಟ್ಟಿಯನ್ನು ಒಡೆದಳು. ಒಡೆಯುತ್ತ ಕೇಳಿದಳು: "ಅಜ್ಜಿ, ಗಟ್ಟಿಯಾದದ್ದು ನಿಮಗೆ ಹೇಗೆ ತಿಳಿಯಿತು? ನೀವು ನೋಡಲಿಲ್ಲವಲ್ಲ."

"ಕೈಗೆ ತಿಳಿಯಿತು. ಸದ್ದೂ ಬೇರೆಯಾಯಿತು."

"ಸಕ್ಕರೆ ಪಾಕಕ್ಕೂ ಹಾಗೆ ಸದ್ದು ಬದಲಾಗುತ್ತದೆಯೆ?"

ಅಜ್ಜಿ ತುಸು ಹೊತ್ತು ಸುಮ್ಮನಿದ್ದು, "ಆಗುತ್ತದೆ. ಕಣ್ಣಿದ್ದಾಗ ಕಿವಿಗೊಟ್ಟಿರಲಿಲ್ಲ" ಎಂದರು.

ಅಂದು ಸಂಜೆ ಅಚ್ಚುಗಳು ಅಟ್ಟದಿಂದ ಇಳಿದುವು. ಮೊದಲು ಕಡಲೆಕಾಯಿಯ ಪಾಕವನ್ನು ಮಾಡಿದರು. ಅದರಲ್ಲಿ ಅಜ್ಜಿಗೆ ಅಳುಕಿರಲಿಲ್ಲ. ಬೆಲ್ಲದ ಪಾಕವನ್ನು ತಣ್ಣೀರಿಗೆ ಬಿಟ್ಟು, ಗಟ್ಟಿಯಾದ ತುಣುಕನ್ನು ಕಂಚಿನ ತಟ್ಟೆಗೆ ಬಡಿದರೆ 'ಟಣ್' ಎನ್ನಬೇಕು. 'ದಪ್' ಎಂದರೆ ಇನ್ನೂ ಕುದಿಯಬೇಕು. ಸಕ್ಕರೆಯ ಸರದಿ ಬಂದಾಗ ಮೊಮ್ಮಗಳ ಕೈಯಲ್ಲಿ ಸೌಟಿತ್ತು, ಅವಳ ಕೈಯ ಮೇಲೆ ಅಜ್ಜಿಯ ಕೈಯಿತ್ತು. ನೀರಿನಂತೆ ತೆಳ್ಳಗೆ ಸುಳಿಯುತ್ತಿದ್ದ ಸದ್ದು ಒಮ್ಮೆಲೆ ಮಂದವಾಯಿತು, ಸೌಟು ಕೂದಲೆಳೆಯಷ್ಟು ತಡೆಯಿತು. "ಹೊಯ್ಯಿ" ಎಂದರು ಅಜ್ಜಿ. ಅದೇ ಕ್ಷಣದಲ್ಲಿ ಅಂಚಿನಲ್ಲಿ ಬಿಳುಪು ಮೂಡಿದ್ದನ್ನು ಮೊಮ್ಮಗಳು ಕಂಡಳು. ಮೊದಲ ಪಾತ್ರೆಯದು ಅಚ್ಚುಕಟ್ಟಾಗಿ ಬಂತು. ಎರಡನೆಯದನ್ನು ಅವಳೊಬ್ಬಳೇ ಮಾಡಹೋಗಿ ಪಾತ್ರೆಯಲ್ಲಿಯೇ ಸಕ್ಕರೆಯಾಯಿತು. ನೀರು ಹಾಕಿ ಕರಗಿಸಿ ಮತ್ತೆ ಮಾಡಿದರು. ಹನ್ನೊಂದು ಜೋಡಿಯೂ ಮುಗಿಯುವಾಗ ರಾತ್ರಿ ಬಹಳವಾಗಿತ್ತು.

ಹಬ್ಬದ ಸಂಜೆ ತಟ್ಟೆ ಜೋಡಿಸಿದರು. ಎಳ್ಳಿನ ಪೊಟ್ಟಣ, ಕಬ್ಬಿನ ತುಂಡು, ಬಾಳೆಹಣ್ಣು, ಅಚ್ಚುಗಳು. ಒಂದು ಮೂಲೆಯಲ್ಲಿ ಸೊಸೆಯೇ ತನ್ನ ಕೈಯಾರೆ ಇಟ್ಟ ಕಪ್ಪು ಉಂಡೆಗಳು. ಮೈಬಿಸಿಗೇ ಕರಗುವ ಚಾಕಲೇಟಿನ ಹೊದಿಕೆ ಪುಷ್ಯದ ಚಳಿಯಲ್ಲಿ ಗಟ್ಟಿಯಾಗಿ ನಿಂತಿತ್ತು. ಚೈತ್ರದಲ್ಲಾಗಿದ್ದರೆ ತಟ್ಟೆಯೆಲ್ಲ ಮೆತ್ತಿಕೊಳ್ಳುತ್ತಿತ್ತು. ಹೊರಡುವ ಮುನ್ನ ಅಜ್ಜಿ ಅಚ್ಚುಗಳನ್ನು ಒಂದೊಂದಾಗಿ ಬೆರಳಿನಿಂದ ಸವರಿದರು. ಕುದುರೆಯ ಬಳಿ ಬೆರಳು ನಿಂತಿತು.

"ಎಡಗಿವಿ ಬಂದಿಲ್ಲ" ಎಂದಳು ಮೊಮ್ಮಗಳು, ತಪ್ಪೊಪ್ಪಿಕೊಳ್ಳುವ ದನಿಯಲ್ಲಿ.

"ಅದು ನನ್ನ ಮದುವೆಯಾದಾಗಿನಿಂದಲೂ ಬಂದಿಲ್ಲ. ಅಚ್ಚಿನಲ್ಲಿಯೇ ಇಲ್ಲ" ಎಂದು ಅಜ್ಜಿ ಕುದುರೆಯನ್ನು ತಟ್ಟೆಯ ನಡುವಿಗೆ ಸರಿಸಿದರು.