ಮೆಟಾಲಿಕಾ ಮತ್ತು ಹಾಲಿನ ಲೆಕ್ಕ

1996ರಲ್ಲಿ ಅರಸೀಕೆರೆ ಕಡೆಯ ಹಳ್ಳಿಯಿಂದ ಬಿಇ ಓದೋಕೆ ಬೆಂಗಳೂರಿಗೆ ಬಂದವನು ನಾನು. ಬನಶಂಕರಿ ಎರಡನೇ ಹಂತದಲ್ಲಿ ರೂಮು. ಕ್ಲಾಸಿನಲ್ಲಿ ಪಕ್ಕ ಕೂರುತ್ತಿದ್ದವನು ಜಯನಗರ ನಾಲ್ಕನೇ ಬ್ಲಾಕಿನ ಕಾನ್ವೆಂಟ್ ಹುಡುಗ. ನನ್ನ ಬಾಯಿಂದ ಇಂಗ್ಲಿಷ್ ಹೊರಡುತ್ತಿರಲಿಲ್ಲ. ಆದರೆ ಕಾಪಿ ಬರೆದೂ ಬರೆದೂ ಅಕ್ಷರ ಮಾತ್ರ ದುಂಡಗಿತ್ತು. ಅವನು ಅದನ್ನೇ ಹಿಡಿದುಕೊಂಡ.

"ಮಗಾ, ಮೆಟಾಲಿಕಾ ಮೇಲೆ ಮ್ಯಾಗಝಿನ್ ಮಾಡ್ತಿದೀನಿ. ನಾನು ಹೇಳ್ತೀನಿ, ನೀನು ಬರಿ."

ಆಗ ಇಂಟರ್ನೆಟ್ ಎಲ್ಲಿತ್ತು? ಕ್ಯಾಸೆಟ್ ನಿಲ್ಲಿಸಿ ನಿಲ್ಲಿಸಿ ಸಾಹಿತ್ಯ ಬರೆದುಕೊಳ್ಳಬೇಕು. ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಹಳೇ ಪತ್ರಿಕೆ ಹುಡುಕಿ ಫೋಟೋ ಕತ್ತರಿಸಬೇಕು. ಅಲಹಾಬಾದಿನಿಂದ 1993ರಲ್ಲಿ ಶುರುವಾದ 'ರಾಕ್ ಸ್ಟ್ರೀಟ್ ಜರ್ನಲ್' ಸಿಕ್ಕರೆ ಹಬ್ಬ. ಎಲ್ಲ ಅಂಟಿಸಿ ಜೆರಾಕ್ಸ್ ಮಾಡಿಸಿ ಪಿನ್ ಹೊಡೆದರೆ ಇಪ್ಪತ್ತು ಪ್ರತಿ. ಫೋಟೋಗಳು ಎಷ್ಟು ಕಪ್ಪಾಗುತ್ತಿದ್ದವೆಂದರೆ ಹೆಟ್‌ಫೀಲ್ಡ್ ಯಾರು, ಹ್ಯಾಮೆಟ್ ಯಾರು ಅಂತ ಕೆಳಗೆ ಬರೀಬೇಕಿತ್ತು.

ಆ ವರ್ಷವೇ 'ಲೋಡ್' ಆಲ್ಬಮ್ ಬಂದದ್ದು, ಬ್ಯಾಂಡಿನವರು ಉದ್ದ ಕೂದಲಿಗೆ ಕತ್ತರಿ ಹಾಕಿ ಅಭಿಮಾನಿಗಳ ಸಿಟ್ಟಿಗೆ ಗುರಿಯಾದದ್ದು. ನಮ್ಮ ಎರಡನೇ ಸಂಚಿಕೆ ಪೂರ್ತಿ ಅದೇ ಜಗಳ. "ತಿರುಪತೀಲಿ ಮುಡಿ ಕೊಟ್ಟಿರಬೇಕು ಬಿಡೋ" ಅಂದೆ. ಅವನು ಎರಡು ದಿನ ಮಾತು ಬಿಟ್ಟ.

ಮೂರನೇ ಸಂಚಿಕೆಗೆ ಅವನು ಒಂದು ಕಥೆ ತಂದ. 1981ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ರಾನ್ ಕ್ವಿಂಟಾನಾ ತನ್ನ ಅಭಿಮಾನಿ ಪತ್ರಿಕೆಗೆ ಹೆಸರು ಹುಡುಕುತ್ತಿದ್ದನಂತೆ. ಲಾರ್ಸ್ ಉಲ್ರಿಕ್ ಅವನಿಗೆ 'ಮೆಟಲ್ ಮೇನಿಯಾ' ಇಟ್ಟುಕೋ ಅಂತ ಹೇಳಿ, ಅದೇ ಪಟ್ಟಿಯಲ್ಲಿದ್ದ 'ಮೆಟಾಲಿಕಾ'ವನ್ನು ತನ್ನ ಬ್ಯಾಂಡಿಗೆ ಎತ್ತಿಕೊಂಡ. "ನೋಡು, ನಮ್ಮಂಥ ಹುಚ್ಚನಿಂದ ಬಂದ ಹೆಸರು" ಅಂತ ಕುಣಿದ. ಆಮೇಲೆ ಕೇಳಿದ: "ನಿಂಗೂ ಯಾರೋ ಒಬ್ರು ಇರ್ಬೇಕಲ್ಲ ಮಗಾ, ಹೀಗೆ ಹುಚ್ಚು ಹಿಡಿಸಿದೋರು?"

"ಯಾರೂ ಇಲ್ಲ" ಅಂದುಬಿಟ್ಟೆ.

ಸುಳ್ಳು. ಊರಿನ ಅಟ್ಟದ ಮೇಲೆ ಇನ್ನೂರು ಪುಟದ ನೋಟ್‌ಬುಕ್ಕಿತ್ತು. ಏಳನೇ ಕ್ಲಾಸಿನಲ್ಲಿ ಶುರು ಮಾಡಿದ್ದು, ಪೂರ್ತಿ ಹಂಸಲೇಖರ ಮೇಲೆ. 1987ರ 'ಪ್ರೇಮಲೋಕ'ದಿಂದ ಹಿಡಿದ ಹುಚ್ಚು. ಮಾತೂ ಅವರದ್ದೇ, ಟ್ಯೂನೂ ಅವರದ್ದೇ ಅನ್ನೋದು ನನಗೆ ಪವಾಡ. ಮನೇಲಿ ಕ್ಯಾಸೆಟ್ ಪ್ಲೇಯರ್ ಇರಲಿಲ್ಲ, ಭದ್ರಾವತಿ ಆಕಾಶವಾಣಿಯೇ ಗತಿ. ರೇಡಿಯೋವನ್ನು ನಿಲ್ಲಿಸಿ ನಿಲ್ಲಿಸಿ ಬರೆಯೋಕಾಗಲ್ಲವಲ್ಲ! ತಪ್ಪಿದ ಸಾಲಿಗೆ ಜಾಗ ಬಿಟ್ಟು, ಅದೇ ಹಾಡು ಮತ್ತೆ ಬರುವವರೆಗೆ ವಾರಗಟ್ಟಲೆ ಕಾಯುತ್ತಿದ್ದೆ. ರೂಪತಾರಾದಿಂದ ಕತ್ತರಿಸಿದ ಚಿತ್ರಗಳಿಗೆ ಅನ್ನದ ಅಗುಳೇ ಗೋಂದು. ಕ್ಲಾಸಿನವರೆಲ್ಲ ಓದಿ, ಎಣ್ಣೆ ಕಲೆಯೊಂದಿಗೆ ವಾಪಸ್ ಕೊಡುತ್ತಿದ್ದರು.

ಇದನ್ನು ಜಯನಗರದವನಿಗೆ ಹೇಗೆ ಹೇಳೋದು? ನಗುತ್ತಾನೆ ಅಂತ ನಾನೇ ತೀರ್ಮಾನಿಸಿದ್ದೆ.

ಹೇಳಿದ್ದು 2011ರ ಅಕ್ಟೋಬರ್ 30ರಂದು, ಅರಮನೆ ಮೈದಾನದಲ್ಲಿ, ಮೆಟಾಲಿಕಾ ವೇದಿಕೆಗೆ ಬರುವ ಮುಂಚೆ. ಸುತ್ತಲಿನ ಹುಡುಗರು ಮೊಬೈಲ್ ಎತ್ತಿ ಹಿಡಿದಿದ್ದರು. ಗೆಳೆಯ ನಗಲಿಲ್ಲ. "ಹದಿನೈದು ವರ್ಷ ಬೇಕಾಯ್ತೇನೋ ಇದನ್ನ ಹೇಳೋಕೆ? ನಂಗೂ ಕನ್ನಡ ಓದೋಕೆ ಬರುತ್ತೆ ಕಣೋ" ಅಂದ. ಆಮೇಲೆ ಗಿಟಾರಿನ ಸದ್ದಿನಲ್ಲಿ ಮಾತು ಮುಳುಗಿತು.

ಮುಂದಿನ ವಾರವೇ ಊರಿಗೆ ಹೋದೆ. ಪುಸ್ತಕ ಅಟ್ಟದ ಮೇಲಿರಲಿಲ್ಲ, ಅಡುಗೆಮನೆಯ ಗೂಡಿನಲ್ಲಿತ್ತು. ಹಿಂದಿನ ಖಾಲಿ ಪುಟಗಳ ತುಂಬ ಅಮ್ಮನ ಡೈರಿ ಹಾಲಿನ ಲೆಕ್ಕ: ಬೆಳಿಗ್ಗೆ ಎರಡೂವರೆ, ಸಂಜೆ ಎರಡು. ತಪ್ಪಿದ ಸಾಲಿಗೆ ನಾನು ಬಿಟ್ಟ ಜಾಗದಲ್ಲೂ ಲೀಟರುಗಳು.

"ಜಾಗ ಖಾಲಿ ಇತ್ತಲ್ಲಪ್ಪ, ಬರ್ಕೊಂಡೆ" ಅಂದಳು ಅಮ್ಮ.

ಜಯನಗರದ ಜೆರಾಕ್ಸ್ ಅಂಗಡಿಗೆ ಒಯ್ದೆ. ಹುಡುಗ ಪುಟ ತಿರುವಿ ಕೇಳಿದ: "ಲೆಕ್ಕದ ಪುಟಾನೂ ಹಾಕ್ಲಾ ಸಾರ್?"

"ಎಲ್ಲಾ ಹಾಕಪ್ಪ" ಅಂದೆ. "ಎರಡು ಕಾಪಿ."