ಹರಕೆ ಇಲ್ಲದ ನಡಿಗೆ

ನಿಮ್ಮಲ್ಲಿ ಎಷ್ಟು ಮಂದಿ, ಕಾಲಿನಲ್ಲಿ ಬಲ ಉಂಟು ಎಂಬ ಒಂದೇ ಕಾರಣಕ್ಕೆ, ಐದು ದಿನ ಮನೆ ಬಿಟ್ಟು ನಡೆದಿದ್ದೀರಿ? ಪ್ರಶ್ನೆ ಕೇಳಿ ನಗು ಬಂದೀತು. ಅಡಿಗೆಮನೆಯಿಂದ ಬಾವಿಕಟ್ಟೆಗೆ, ಬಾವಿಕಟ್ಟೆಯಿಂದ ಬಟ್ಟೆ ಒಣಗಿಸುವ ತಂತಿಗೆ ಎಂದು ಲೆಕ್ಕ ಹಾಕಿದರೆ ನಾವೆಲ್ಲ ಎರಡು ಸಲ ಕಾಶಿಗೆ ಹೋಗಿಬಂದಷ್ಟು ನಡೆದವರೇ. ನಾನು ಕೇಳುತ್ತಿರುವುದು ಆ ನಡಿಗೆಯಲ್ಲ.

ಜರ್ಮನಿಯಲ್ಲಿರುವ ನನ್ನ ತಂಗಿಯ ಮಗಳು ಒಮ್ಮೆ ಆಲ್ಪ್ಸ್ ಪರ್ವತದಿಂದ ಫೋಟೋಗಳನ್ನು ಕಳುಹಿಸಿದ್ದಳು. ಫ್ರಾನ್ಸ್, ಇಟಲಿ, ಸ್ವಿಜರ್ಲೆಂಡ್ ಮೂರೂ ದೇಶಗಳನ್ನು ಹಾದು ಒಂದೇ ಬೆಟ್ಟದ ಸುತ್ತ ಸುಮಾರು ೧೭೦ ಕಿಲೋಮೀಟರಿನ ಕಾಲುದಾರಿಯಂತೆ. ಹಗಲು ನಡೆಯುವುದು, ಸಂಜೆಗೆ ಒಂದು ಹಳ್ಳಿ, ಬಿಸಿ ಊಟ, ನಿದ್ದೆ, ಬೆಳಿಗ್ಗೆ ಮತ್ತೆ ಮುಂದಿನ ಹಳ್ಳಿ. "ಇದೇ ನಮ್ಮ ರಜೆ, ದೊಡ್ಡಮ್ಮ" ಎಂದಳು. ಫೋಟೋ ನೋಡುತ್ತ ನನಗೆ ಅನಿಸಿದ್ದು ಒಂದೇ. ಇದು ನಮ್ಮ ಶಿವರಾತ್ರಿ ಪಾದಯಾತ್ರೆಯೇ ಅಲ್ಲವೇ?

ಪ್ರತಿ ವರ್ಷ ಮಹಾಶಿವರಾತ್ರಿಗೆ ಬೆಂಗಳೂರು, ಹಾಸನ, ಚಿಕ್ಕಮಗಳೂರು ಕಡೆಯಿಂದ ಸಾವಿರಾರು ಜನ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ನಡೆದು ಬರುತ್ತಾರೆ. ಗುಂಪಿಗೊಂದು ಟೆಂಪೊ. ಅದರಲ್ಲಿ ಅಕ್ಕಿ, ಪಾತ್ರೆ, ಹಾಸಿಗೆ, ಅಡಿಗೆಯವರು. ರಾತ್ರಿ ಶಾಲೆಯಲ್ಲೋ ಕಲ್ಯಾಣಮಂಟಪದಲ್ಲೋ ಮಲಗುವುದು. ಚಿಕ್ಕಮಗಳೂರಿನಲ್ಲಿರುವ ನನ್ನ ಅಕ್ಕ ಇಂಥ ಒಂದು ಗುಂಪಿನಲ್ಲಿ ನಾಲ್ಕು ವರ್ಷದಿಂದ ನಡೆಯುತ್ತಿದ್ದಾಳೆ. ೨೦೨೪ರಲ್ಲಿ ನಾನೂ ಬರುತ್ತೇನೆಂದೆ.

ಸುದ್ದಿ ನಮ್ಮ ದೇರೆಬೈಲಿನಲ್ಲಿ ಹರಡಿದ್ದೇ ತಡ, ತರಕಾರಿ ಅಂಗಡಿಯಿಂದ ಹಿಡಿದು ಪಕ್ಕದ ಮನೆಯ ಗೇಟಿನವರೆಗೆ ಒಂದೇ ಪ್ರಶ್ನೆ: "ಎಂತ ಹರಕೆ ಮಾರಾಯ್ರೆ?" ಮಗನಿಗೆ ಕೆಲಸವಿದೆ, ಮಗಳ ಮದುವೆಯಾಗಿದೆ, ಇವರ ಆರೋಗ್ಯ ಸರಿಯಾಗಿದೆ. ಹರಕೆ ಏನೂ ಇಲ್ಲ ಎಂದರೆ ಜನ ಇನ್ನಷ್ಟು ಗಾಬರಿಯಾಗುತ್ತಿದ್ದರು. ಏನೋ ಮುಚ್ಚಿಡುತ್ತಿದ್ದಾಳೆ ಎಂದು! ಎಂಬತ್ತೆರಡರ ನನ್ನ ಅತ್ತೆ ಬುದ್ಧಿವಂತೆ. "ಇಲ್ಲದಿದ್ದರೆ ಒಂದು ಹೇಳಿಕೋ. ಕೇಳುವವರ ಬಾಯಿ ಮುಚ್ಚುತ್ತದೆ" ಎಂದರು. "ಸುಳ್ಳು ಹರಕೆ ಹೊತ್ತು ಹೋದರೆ ಅಣ್ಣಪ್ಪ ಬಿಟ್ಟಾನೆಯೇ ಅತ್ತೇ?" ಎಂದೆ. ಅವರೂ ನಕ್ಕುಬಿಟ್ಟರು. ಧರ್ಮಸ್ಥಳದ ಮಂಜುನಾಥನ ಲಿಂಗವನ್ನು ಅಣ್ಣಪ್ಪ ದೈವ ತಂದದ್ದು ನಮ್ಮ ಕದ್ರಿಯಿಂದಲೇ ಎಂಬ ಐತಿಹ್ಯ ಇಲ್ಲಿಯವರಿಗೆಲ್ಲ ಗೊತ್ತು.

ಎರಡನೆಯ ಪ್ರಶ್ನೆ ಅಡಿಗೆಯದು. ನಮ್ಮ ಮನೆಯವರಿಗೆ ಅನ್ನ, ಸಾರು, ಒಂದು ಪಲ್ಯ ಬರುತ್ತದೆ. ಎರಡು ವರ್ಷದ ಹಿಂದೆ ನನಗೆ ಟೈಫಾಯಿಡ್ ಆಗಿ ಮಲಗಿದಾಗ ಕಲಿತದ್ದು. ಆಗ ಮೂರು ವಾರ ಮನೆ ನಡೆಯಿತು, ಯಾರೂ ಏನೂ ಕೇಳಲಿಲ್ಲ. ನಾವು ಕಾಯಿಲೆ ಬಿದ್ದರೆ ಮನೆ ನಡೆಯುತ್ತದೆ, ಗಟ್ಟಿಯಾಗಿದ್ದಾಗ ಮಾತ್ರ ನಡೆಯುವುದಿಲ್ಲ. ಇದು ಯಾವ ಲೆಕ್ಕ, ನೀವೇ ಹೇಳಿ.

ಡಿಸೆಂಬರಿನಿಂದಲೇ ಅಭ್ಯಾಸ ಶುರು ಮಾಡಿದೆ. ಬೆಳಗಿನ ಐದಕ್ಕೆ ಎದ್ದು ಕುಂಟಿಕಾನ, ಕೆ.ಪಿ.ಟಿ. ದಾಟಿ ಕದ್ರಿಗೆ, ಅಲ್ಲಿ ಜೋಗಿಮಠದ ಕಡೆ ಮೆಟ್ಟಿಲು ಹತ್ತಿ ಇಳಿದು ವಾಪಸು. ಕೊನೆಯ ಹದಿನೈದು ದಿನ ಚೀಲದಲ್ಲಿ ಮೂರು ಕಿಲೋ ಕುಚ್ಚಲಕ್ಕಿ ಹೊತ್ತು ನಡೆದೆ. ದಾರಿಯ ನಾಯಿಗಳಿಗೂ ನನ್ನ ಪರಿಚಯವಾಗಿಹೋಯಿತು. ಕದ್ರಿಯ ಮೆಟ್ಟಿಲು ಹತ್ತುವುದಕ್ಕಿಂತ ಇಳಿಯುವುದು ಮುಖ್ಯ, ಮರೆಯಬೇಡಿ. ಘಾಟಿಯಲ್ಲಿ ಉಸಿರಿಗಿಂತ ಮೊಣಕಾಲಿನ ಪರೀಕ್ಷೆ ಹೆಚ್ಚು.

ಮಾರ್ಚ್ ೩ರ ಭಾನುವಾರ ಸರಕಾರಿ ಬಸ್ಸಿನಲ್ಲಿ ಚಿಕ್ಕಮಗಳೂರಿಗೆ ಹೋದೆ. ೨೦೨೩ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ನಮಗೆ ಟಿಕೇಟಿನ ಚಿಂತೆಯಿಲ್ಲ. ಸೋಮವಾರ ನಸುಕಿಗೆ ಹೊರಟೆವು. ಗುಂಪಿನಲ್ಲಿ ನಲವತ್ತು ಮಂದಿ, ಅದರಲ್ಲಿ ಹೆಂಗಸರು ಹದಿನಾಲ್ಕು. ಮೊದಲ ರಾತ್ರಿ ಆಲ್ದೂರು, ಎರಡನೆಯದು ಮೂಡಿಗೆರೆ, ಮೂರನೆಯದು ಕೊಟ್ಟಿಗೆಹಾರ, ನಾಲ್ಕನೆಯದು ಘಾಟಿ ಇಳಿದು ಕಕ್ಕಿಂಜೆ, ಐದನೆಯ ದಿನ ಮುಂಡಾಜೆ, ಉಜಿರೆ ಮೂಲಕ ಧರ್ಮಸ್ಥಳ. ಒಟ್ಟು ನೂರು ಕಿಲೋಮೀಟರ್ ಆಚೀಚೆ. ದಿನಕ್ಕೆ ಹದಿನೈದರಿಂದ ಇಪ್ಪತ್ತೈದು.

ಆಲ್ದೂರಿನ ದಾರಿ ಉದ್ದಕ್ಕೂ ಕಾಫಿ ತೋಟ. ಮಳೆ ಬಾರದ ವರ್ಷ. ನೀರಿದ್ದವರು ಪೈಪಿನಲ್ಲಿ ನೀರು ಹಾರಿಸಿ ಹೂ ಅರಳಿಸಿದ್ದರು. ಬೇಲಿಯ ಈಚೆ ಧೂಳು ಮೆತ್ತಿದ ಗಿಡ, ಆಚೆ ಮಲ್ಲಿಗೆ ಕಟ್ಟಿದಂತೆ ಬಿಳಿ ರೆಂಬೆ. ಬಸ್ಸಿನಲ್ಲಿ ಹೋದರೆ ಆ ಪರಿಮಳ ಒಂದು ನಿಮಿಷ. ನಡೆದರೆ ಒಂದು ಗಂಟೆ ಜತೆಗೇ ಬರುತ್ತದೆ. ಮೂಡಿಗೆರೆಯ ಹ್ಯಾಂಡ್‌ಪೋಸ್ಟಿನ ಹತ್ತಿರ ತೇಜಸ್ವಿಯವರ ಮನೆ. ಅಕ್ಕ ಕೈತೋರಿಸಿ "ಕರ್ವಾಲೊ ಬರೆದವರು ಇದ್ದದ್ದು ಇಲ್ಲೇ" ಎಂದಳು. ೧೯೮೦ರಲ್ಲಿ ಬಂದ ಆ ಕಾದಂಬರಿಯನ್ನು ಓದಿದವರಿಗೆ ಮುಂದಿನ ದಾರಿಯಲ್ಲಿ ಪ್ರತಿ ಮರದ ಮೇಲೂ ಹಾರುವ ಓತಿ ಇರುವಂತೆ ಕಾಣುತ್ತದೆ!

ಮೂಡಿಗೆರೆಯ ರಾತ್ರಿ ಹೆಂಗಸರೆಲ್ಲ ಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತ ಒಬ್ಬೊಬ್ಬರೇ ಹರಕೆ ಹೇಳಿಕೊಂಡರು. ಒಬ್ಬರಿಗೆ ಮಗಳ ಬಾಣಂತನ, ಒಬ್ಬರಿಗೆ ಗಂಡನ ಕುಡಿತ, ಒಬ್ಬರಿಗೆ ಕೋರ್ಟಿನಲ್ಲಿರುವ ಜಮೀನು. ನನ್ನ ಸರದಿ ಬಂದಾಗ "ನನಗೆ ಏನೂ ಇಲ್ಲ, ನಡೆಯಬೇಕು ಅನಿಸಿತು, ಬಂದೆ" ಎಂದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ದೀಪ ಆರಿಸಿದ ಮೇಲೆ ಪಕ್ಕದ ಚಾಪೆಯವರು ನನ್ನ ಕಡೆ ಹೊರಳಿ ಪಿಸುಗುಟ್ಟಿದರು: "ನನ್ನದು ಮೂರು ವರ್ಷದ ಹಿಂದೇನೇ ತೀರಿತು ಕಣ್ರೀ. ಮನೇಲಿ ಏಳು ವರ್ಷದ ಹರಕೆ ಅಂತ ಹೇಳಿದೀನಿ." ಅವರ ಊರು, ಹೆಸರು ಹೇಳಲಾರೆ. ಹೇಳಿದರೆ ಅವರ ರಜೆ ರದ್ದಾದೀತು.

ಆ ರಾತ್ರಿ ನಿದ್ದೆ ಹತ್ತಲಿಲ್ಲ. ಭಕ್ತಿ ಸುಳ್ಳೆಂದು ನಾನು ಹೇಳುತ್ತಿಲ್ಲ. ಆ ಹೆಂಗಸು ದಾರಿಯುದ್ದಕ್ಕೂ "ಓಂ ನಮಃ ಶಿವಾಯ" ಬಿಟ್ಟು ಬೇರೆ ಮಾತಾಡಿದವರಲ್ಲ. ಆದರೆ ಗಂಡಸರು ಶಬರಿಮಲೆಯಿಂದ ಗೋವಾದ ತನಕ ಎಲ್ಲಿಗೆ ಹೊರಟರೂ ಕಾರಣ ಕೇಳುವವರಿಲ್ಲ. ನಮಗೆ ಮಾತ್ರ ಹರಕೆಯೇ ರಜಾ ಅರ್ಜಿ. ಯಾರಿಗಾದರೂ ಕಾಯಿಲೆ ಆಗಬೇಕು, ಯಾರದಾದರೂ ಮದುವೆ ನಿಲ್ಲಬೇಕು, ಆಗ ನಮಗೆ ಬೆಟ್ಟ ನೋಡುವ ಯೋಗ!

ಮರುದಿನ ಬಣಕಲ್‌ನಲ್ಲಿ ಒಂದು ಮನೆಯವರು ರಸ್ತೆಬದಿಯಲ್ಲಿ ಚಪ್ಪರ ಹಾಕಿ ಯಾತ್ರಿಕರಿಗೆ ಮಜ್ಜಿಗೆ ಕೊಡುತ್ತಿದ್ದರು. ಶುಂಠಿ, ಕರಿಬೇವು, ಗಾಂಧಾರಿ ಮೆಣಸು ಜಜ್ಜಿ ಹಾಕಿದ ಮಜ್ಜಿಗೆ. ರುಚಿ ಇನ್ನೂ ನಾಲಿಗೆಯಲ್ಲಿದೆ. ಚಪ್ಪರದಲ್ಲಿ ಕೊಡುವವರು ಗಂಡಸರು. ಒಳಗೆ ಕಡೆಯುವವರು ಮನೆಯಾಕೆ ಮತ್ತು ಸೊಸೆ. ಕೈಕಾಲು ತೊಳೆಯಲು ಹಿತ್ತಿಲಿಗೆ ಹೋದಾಗ ಮಾತಿಗೆ ಸಿಕ್ಕಿದರು. "ನಿಮ್ಮನೇಲಿ ಈಗ ಅಡಿಗೆ ಯಾರು ಮಾಡ್ತಾರೆ?" ಎಂದೇ ಮಾತು ಶುರು. "ಮನೆಯವರು" ಎಂದೆ. "ಬರುತ್ತಾ?" ಎಂದು ಆಕೆ ಕೇಳಿದ ರೀತಿಗೆ ಸೊಸೆ ಬಾಯಿಗೆ ಸೆರಗು ಹಿಡಿದಳು. ಹದಿನೆಂಟು ವರ್ಷದಿಂದ ಆಕೆ ಈ ದಿನಗಳಲ್ಲಿ ಮಜ್ಜಿಗೆ ಕಡೆಯುತ್ತಿದ್ದಾರೆ. ಘಾಟಿ ಅಲ್ಲಿಂದ ಅಷ್ಟು ಹತ್ತಿರ. ಧರ್ಮಸ್ಥಳಕ್ಕೆ ಜೀಪಿನಲ್ಲಿ, ಬಸ್ಸಿನಲ್ಲಿ ಎಷ್ಟೋ ಸಲ ಹೋಗಿದ್ದಾರೆ. ಕಾಲುನಡಿಗೆಯಲ್ಲಿ ಒಮ್ಮೆಯೂ ಇಲ್ಲ. "ನಡೆಯೋರಿಗೆ ಮಾಡೋರು ಯಾರಾದ್ರೂ ಬೇಕಲ್ಲ" ಎಂದರು. ಹೊರಡುವಾಗ ನನ್ನ ಫೋನ್ ನಂಬರು ಬರೆದುಕೊಂಡರು. ನನ್ನ ಬೂಟನ್ನು ಮಾತ್ರ ಬಗ್ಗಿ ಬಗ್ಗಿ ನೋಡಿದರು.

ಕೊಟ್ಟಿಗೆಹಾರದ ನೀರುದೋಸೆ ಪ್ರಸಿದ್ಧ. ಮಂಗಳೂರಿನವಳಾಗಿ ಹೇಳುತ್ತೇನೆ, ಪರವಾಗಿಲ್ಲ! ನಾಲ್ಕನೆಯ ದಿನ ಅಲ್ಲಿಂದಲೇ ಘಾಟಿ. ಮೂಡಿಗೆರೆ ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರ್ ಎತ್ತರದಲ್ಲಿದೆ. ಆ ಎತ್ತರವನ್ನೆಲ್ಲ ಒಂದೇ ದಿನದಲ್ಲಿ ಕಾಲಿನಿಂದ ಇಳಿದು ಮುಗಿಸಬೇಕು. ಬೆಳಿಗ್ಗೆ ಮಂಜು, ಶಾಲು. ಮಧ್ಯಾಹ್ನಕ್ಕೆ ನಮ್ಮ ಕರಾವಳಿಯ ಸೆಕೆ ಮುಖಕ್ಕೆ ಹೊಡೆಯುತ್ತದೆ. ಕಣ್ಣು ಮುಚ್ಚಿದ್ದರೂ ನನಗೆ ನಮ್ಮ ಜಿಲ್ಲೆ ಬಂತೆಂದು ಗೊತ್ತಾಗುತ್ತಿತ್ತು. ಘಾಟಿಯ ಅಣ್ಣಪ್ಪನ ಗುಡಿಯಲ್ಲಿ ಕಾಯಿ ಒಡೆದೆವು. ೨೦೧೯ರ ಆಗಸ್ಟಿನ ಮಳೆಗೆ ಗುಡ್ಡ ಜರಿದು ಈ ರಸ್ತೆ ತಿಂಗಳುಗಟ್ಟಲೆ ಮುಚ್ಚಿತ್ತಲ್ಲ, ಆ ಗಾಯಗಳು ಇನ್ನೂ ಕಾಣುತ್ತಿದ್ದವು. ಮಳೆಗಾಲದಲ್ಲಿ ಧುಮುಕುವ ಝರಿಗಳೆಲ್ಲ ಒಣಗಿ ಕಪ್ಪು ಬಂಡೆಯಾಗಿದ್ದವು. ಕೆಳಗೆ ಮೃತ್ಯುಂಜಯ ಹೊಳೆಯಲ್ಲಿ ಮಾತ್ರ ಮೊಣಕಾಲು ಮುಳುಗುವಷ್ಟು ನೀರು. ಕಾಲು ಇಳಿಬಿಟ್ಟು ಕುಳಿತಾಗ ಹೊಳೆಯಿತು: ಈ ಹೊಳೆ ನೇತ್ರಾವತಿಗೆ ಸೇರುತ್ತದೆ, ನೇತ್ರಾವತಿ ತುಂಬೆಯ ಅಣೆಕಟ್ಟಿಗೆ, ತುಂಬೆಯಿಂದ ದೇರೆಬೈಲಿನ ನನ್ನ ಅಡಿಗೆಮನೆಯ ನಲ್ಲಿಗೆ. ಇಷ್ಟು ವರ್ಷ ಅಕ್ಕಿ ತೊಳೆದ ನೀರಿನ ತವರನ್ನು ಈಗ ನೋಡಿದೆ. ಅದರ ದಡದಲ್ಲೇ ಯಾತ್ರಿಕರು ಎಸೆದ ಪ್ಲಾಸ್ಟಿಕ್ ಲೋಟ, ಬಾಟಲಿ! ನಾನೂ ಅಕ್ಕನೂ ಒಂದು ಗೋಣಿ ತುಂಬ ಹೆಕ್ಕಿದೆವು. ಇನ್ನೂ ಹತ್ತು ಗೋಣಿ ಉಳಿದಿತ್ತು. ಒಂದು ಸ್ಟೀಲ್ ಲೋಟ ಚೀಲಕ್ಕೆ ಕಟ್ಟಿಕೊಂಡು ಹೋಗಿ, ತಾಯಂದಿರೇ.

ಯಾರೂ ಬರೆಯದ ಒಂದು ವಿಷಯವನ್ನೂ ಹೇಳಿಬಿಡುತ್ತೇನೆ. ಘಾಟಿಯ ದಾರಿಯಲ್ಲಿ ಹೆಂಗಸರಿಗೆ ಬಯಲೇ ಗತಿ. ಇಬ್ಬರು ಸೀರೆ ಹಿಡಿದು ಮರೆ ಮಾಡಬೇಕು. ಇದಕ್ಕೆ ಹೆದರಿ ಎಷ್ಟೋ ಮಂದಿ ನೀರೇ ಕುಡಿಯುವುದಿಲ್ಲ. ಬಿಸಿಲಿಗೆ ತಲೆಸುತ್ತಿ ಬಿದ್ದವರನ್ನು ನೋಡಿದೆ. ಮಜ್ಜಿಗೆ, ಪಾನಕ, ಕಲ್ಲಂಗಡಿ ಕೊಡುವ ದಾನಿಗಳು ಹೆಜ್ಜೆಗೊಬ್ಬರು. ಅವರಲ್ಲಿ ಒಬ್ಬರು ಎರಡು ತಾತ್ಕಾಲಿಕ ಶೌಚಾಲಯ ನಿಲ್ಲಿಸಿದರೆ ಅದಕ್ಕಿಂತ ದೊಡ್ಡ ಪುಣ್ಯ ಬೇರೆ ಉಂಟೇ? ತಿಂಗಳ ದಿನಗಳನ್ನು ಮುಂದೂಡಲು ಮಾತ್ರೆ ನುಂಗುವ ಹುಡುಗಿಯರೂ ಇದ್ದರು. ಡಾಕ್ಟರನ್ನು ಕೇಳದೆ ಅದನ್ನು ಮುಟ್ಟಬೇಡಿ.

ಕಾಲಿಗೆ ಹೊಸ ಚಪ್ಪಲಿ ಬೇಡ, ತಿಂಗಳಾದರೂ ಹಾಕಿ ಪಳಗಿಸಿದ್ದಿರಲಿ. ಬೆರಳ ಸಂದಿಗೆ ಬೆಳಿಗ್ಗೆಯೇ ವ್ಯಾಸಲೀನ್ ಹಚ್ಚಿ. ಬೊಬ್ಬೆ ಎದ್ದ ಮೇಲೆ ಹಚ್ಚಿದರೆ ಪ್ರಯೋಜನವಿಲ್ಲ. ತಿನ್ನಲಿಕ್ಕೆ ನಾನು ಒಯ್ದದ್ದು ಅಕ್ಕಿ ಉಂಡೆ. ಕುಚ್ಚಲಕ್ಕಿಯನ್ನು ಹದ ಉರಿಯಲ್ಲಿ ಉಬ್ಬಿ ಸಿಡಿಯುವ ತನಕ ಹುರಿದು, ತರಿಯಾಗಿ ಪುಡಿ ಮಾಡಿ, ಬೆಲ್ಲದ ಪಾಕಕ್ಕೆ ಏಲಕ್ಕಿಯೊಡನೆ ಸೇರಿಸಿ ಬಿಸಿಯಿರುವಾಗಲೇ ಕಟ್ಟುವುದು. ಹಸಿ ತೆಂಗಿನಕಾಯಿ ಹಾಕಿದರೆ ಎರಡೇ ದಿನಕ್ಕೆ ಹಳಸುತ್ತದೆ, ಕೊಬ್ಬರಿ ಹಾಕಿ. ಎರಡು ಉಂಡೆ ತಿಂದು ಪುನರ್ಪುಳಿ ಶರಬತ್ತು ಕುಡಿದರೆ ಐದಾರು ಕಿಲೋಮೀಟರಿಗೆ ತೊಂದರೆಯಿಲ್ಲ.

ಮಾರ್ಚ್ ೮ರ ಶುಕ್ರವಾರ ಮಧ್ಯಾಹ್ನ ನೇತ್ರಾವತಿ ಸ್ನಾನಘಟ್ಟ ತಲುಪಿದೆವು. ಆ ವರ್ಷ ಶಿವರಾತ್ರಿಯೂ ಮಹಿಳಾ ದಿನವೂ ಒಂದೇ ದಿನ ಬಿದ್ದಿದ್ದವು. ದರ್ಶನದ ಸಾಲಿನಲ್ಲಿ ಎಲ್ಲರೂ ತಮ್ಮ ತಮ್ಮ ಹರಕೆ ಒಪ್ಪಿಸುತ್ತಿದ್ದರು. ನಾನು ಕೈಮುಗಿದು, "ಬಂದೆ" ಎಂದೆ. ರಾತ್ರಿಯ ಭಜನೆಯಲ್ಲಿ ಜಾಗರಣೆಗೆಂದು ಕುಳಿತವಳು ಅಕ್ಕನ ಹೆಗಲಿಗೆ ಒರಗಿ ಸುಖವಾಗಿ ನಿದ್ದೆ ಹೋದೆ. ಮನೆಗೆ ಬಂದಾಗ ಕಾಲಿನ ಎರಡು ಉಗುರು ಕಪ್ಪಾಗಿದ್ದವು. ಇವರು ಪಲ್ಯದ ಜತೆ ಗೊಜ್ಜನ್ನೂ ಕಲಿತಿದ್ದರು.

ಡಿಸೆಂಬರಿನಲ್ಲಿ ಬಣಕಲ್‌ನಿಂದ ಫೋನು ಬಂತು. ಕುಶಲ, ಮಳೆ, ಕಾಫಿಯ ಕ್ರಯ ಎಲ್ಲ ಮುಗಿದ ಮೇಲೆ ಆಕೆ ದನಿ ತಗ್ಗಿಸಿ ಕೇಳಿದರು: "ಆ ಬೂಟು ಎಲ್ಲಿ ತಗೊಂಡ್ರಿ? ಸೊಸೆ ಮಜ್ಜಿಗೆ ನೋಡ್ಕೋತೀನಿ ಅಂತಾಳೆ." ಕಂಪನಿಯ ಹೆಸರು ಮುಖ್ಯವಲ್ಲ, ಸಂಜೆ ಹೊತ್ತು ಅಂಗಡಿಗೆ ಹೋಗಿ, ಆಗ ಕಾಲು ಸ್ವಲ್ಪ ಊದಿರುತ್ತದೆ, ಅರ್ಧ ಸೈಜು ದೊಡ್ಡದು ಕೊಳ್ಳಿ, ಇವತ್ತಿನಿಂದಲೇ ತೋಟದಲ್ಲಿ ಹಾಕಿಕೊಂಡು ನಡೆಯಿರಿ ಎಂದೆ.